ಸೃಷ್ಟಿಕರ್ತನಿಲ್ಲದ ಲೋಕ: ಜೀವವಿಕಾಸ, ಸೃಷ್ಟಿವಾದ ಮತ್ತು ಜೈನ ದೃಷ್ಟಿ

ಮೈಸೂರು ಜಿಲ್ಲೆಯ ಸಾಲಿಗ್ರಾಮವು ಕಾವೇರಿ ಸೀಮೆಯ ಹಳೆಯ ಜೈನ ನೆಲೆಗಳಲ್ಲಿ ಒಂದು. ಇಲ್ಲಿ ಬಸದಿಗಳಿವೆ, ತಲೆಮಾರುಗಳಿಂದ ನೆಲೆಸಿರುವ ಶ್ರಾವಕ ಕುಟುಂಬಗಳಿವೆ. ಇದೇ ಸೀಮೆಯ ಚಿಕ್ಕಹನಸೋಗೆಯಲ್ಲಿ ಮೂರು ಗರ್ಭಗೃಹಗಳ ಪ್ರಾಚೀನ ಆದಿನಾಥ ಬಸದಿ ಇದೆ. ಚೆಂಗಾಳ್ವ ಅರಸರ ಆಶ್ರಯ ಪಡೆದಿದ್ದ ಈ ಊರಿನ ಹೆಸರನ್ನೇ ಹೊತ್ತ ‘ಹನಸೋಗೆ ಬಳಿ’ ಎಂಬ ಮುನಿಪರಂಪರೆ ದೇಶೀಗಣದ ಪುಸ್ತಕಗಚ್ಛದಲ್ಲಿ ಪ್ರಸಿದ್ಧವಾಗಿತ್ತು. ಕರ್ನಾಟಕದ ಹಲವು ಶಾಸನಗಳಲ್ಲಿ ಆ ಹೆಸರು ಕಾಣಸಿಗುತ್ತದೆ.

ಇಂತಹ ಬಸದಿಯಲ್ಲಿ ದರ್ಶನ ಮಾಡಿ ಹೊರಬಂದ ಮಗುವೊಂದು ಎರಡು ಪ್ರಶ್ನೆಗಳನ್ನು ಕೇಳಬಹುದು. ಒಂದು: “ಆದಿನಾಥರೆಂದರೆ ಎಲ್ಲಕ್ಕಿಂತ ಮೊದಲಿನವರು, ಹಾಗಾದರೆ ಈ ಲೋಕವನ್ನು ಅವರೇ ಮಾಡಿದರಾ?” ಇನ್ನೊಂದು: “ಮನುಷ್ಯ ಬೇರೆ ಪ್ರಾಣಿಗಳಿಂದ ವಿಕಾಸವಾಗಿ ಬಂದ ಎಂದು ಪುಸ್ತಕದಲ್ಲಿದೆ, ಅದನ್ನು ನಾವು ಒಪ್ಪಬಹುದಾ?” ಮೊದಲನೆಯದಕ್ಕೆ ನಮ್ಮ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಸ್ಪಷ್ಟ ಉತ್ತರ ಕೊಟ್ಟಿದ್ದಾರೆ. ಎರಡನೆಯದಕ್ಕೆ ಉತ್ತರ ಕಂಡುಕೊಳ್ಳುವ ಹೊಣೆ ಇಂದಿನ ತಂದೆ-ತಾಯಿಯರ ಮೇಲಿದೆ. ಜೀವವಿಕಾಸ ವಾದಕ್ಕೂ ಸೃಷ್ಟಿವಾದಕ್ಕೂ ನಡೆದಿರುವ ವಿವಾದವೇನು, ಅದರಲ್ಲಿ ಜೈನರ ಸ್ಥಾನ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಎರಡು ವಾದಗಳು

ಲೋಕವನ್ನೂ ಜೀವಿಗಳನ್ನೂ ದೇವರು ಸಂಕಲ್ಪಪೂರ್ವಕವಾಗಿ ಸೃಷ್ಟಿಸಿದನು, ಪ್ರತಿಯೊಂದು ಜೀವಿಯೂ ಇಂದಿರುವ ರೂಪದಲ್ಲೇ ಹುಟ್ಟಿತು ಎಂಬ ನಂಬಿಕೆಗೆ ಸೃಷ್ಟಿವಾದ ಎನ್ನುತ್ತಾರೆ. ಇದರ ಪ್ರಬಲ ರೂಪ ಬೈಬಲ್ಲಿನ ಮೊದಲ ಅಧ್ಯಾಯಗಳನ್ನು ಅಕ್ಷರಶಃ ಓದುವುದರಿಂದ ಬಂದದ್ದು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನು ಲೆಕ್ಕ ಹಾಕಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದರು. ಆ ಲೆಕ್ಕದಲ್ಲಿ ಲೋಕದ ಆಯಸ್ಸು ಸುಮಾರು ಆರು ಸಾವಿರ ವರ್ಷ.

ಜೀವವಿಕಾಸ ವಾದವನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಪ್ರತ್ಯೇಕವಾಗಿ ಕಂಡುಕೊಂಡರು. ಇಬ್ಬರ ಬರಹಗಳನ್ನೂ 1858ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಮರುವರ್ಷ, 1859ರಲ್ಲಿ, ಡಾರ್ವಿನ್ನರ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ ಪ್ರಕಟವಾಯಿತು. ವಾದದ ತಿರುಳು ಸರಳವಾಗಿದೆ. ಒಂದೇ ಪ್ರಭೇದದ ಜೀವಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಕೆಲವು ಮಕ್ಕಳಿಗೆ ಇಳಿದುಬರುತ್ತವೆ. ಹುಟ್ಟಿದ ಮರಿಗಳೆಲ್ಲ ಉಳಿಯುವುದಿಲ್ಲ. ಇರುವ ಪರಿಸರಕ್ಕೆ ಹೊಂದುವ ಗುಣ ಯಾವುದರಲ್ಲಿದೆಯೋ ಅದು ಹೆಚ್ಚಾಗಿ ಉಳಿದು, ಹೆಚ್ಚು ಸಂತಾನ ಬಿಡುತ್ತದೆ. ಲಕ್ಷಾಂತರ ತಲೆಮಾರುಗಳಲ್ಲಿ ಇದು ಕೂಡುತ್ತಾ ಹೋಗಿ ಹೊಸ ಪ್ರಭೇದಗಳು ಕವಲೊಡೆಯುತ್ತವೆ. ಇದಕ್ಕೆ ನಿಸರ್ಗದ ಆಯ್ಕೆ ಎಂದು ಹೆಸರು.

ಇಂದಿನ ಮಂಗ ನಾಳೆ ಮನುಷ್ಯನಾಗುತ್ತದೆ ಎಂದು ಈ ವಾದ ಹೇಳುವುದಿಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು, ಅಲ್ಲಿಂದ ಎರಡು ಕವಲುಗಳು ಬೇರೆಬೇರೆಯಾಗಿ ಬೆಳೆದವು ಎಂದಷ್ಟೇ ಅದು ಹೇಳುತ್ತದೆ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಒಬ್ಬರಿಂದೊಬ್ಬರು ಹುಟ್ಟಿದವರಲ್ಲ, ಇಬ್ಬರಿಗೂ ಅಜ್ಜ ಒಬ್ಬನೇ. ಇದೂ ಹಾಗೆಯೇ.

ನ್ಯಾಯಾಲಯಕ್ಕೆ ಹೋದ ವಿವಾದ

ಅಮೆರಿಕದ ಟೆನೆಸ್ಸಿ ರಾಜ್ಯ 1925ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಾನವ ವಿಕಾಸವನ್ನು ಕಲಿಸಬಾರದೆಂದು ಕಾನೂನು ಮಾಡಿತು. ಅದೇ ವರ್ಷ ಡೇಟನ್ ಎಂಬ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ವಿಚಾರಣೆ ನಡೆದು 100 ಡಾಲರ್ ದಂಡ ವಿಧಿಸಲಾಯಿತು. ತಾಂತ್ರಿಕ ಕಾರಣದಿಂದ ಆ ತೀರ್ಪು 1927ರಲ್ಲಿ ರದ್ದಾದರೂ ಕಾನೂನು 1967ರವರೆಗೆ ಉಳಿಯಿತು. ಇಂತಹ ನಿಷೇಧ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ವಿಕಾಸವಾದದ ಜೊತೆಗೆ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಲೇಬೇಕು ಎಂಬ ಲೂಸಿಯಾನಾ ಕಾನೂನನ್ನು 1987ರಲ್ಲಿ ತಳ್ಳಿಹಾಕಿತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ, ‘ಬುದ್ಧಿವಂತ ವಿನ್ಯಾಸ’ ಎಂಬ ಹೊಸ ಹೆಸರಿನ ವಾದವೂ ವಿಜ್ಞಾನವಲ್ಲ, ಧಾರ್ಮಿಕ ನಂಬಿಕೆಯೇ ಎಂದು ನ್ಯಾಯಾಲಯ ತೀರ್ಪಿತ್ತಿತು.

ಇದರಿಂದ ಕ್ರೈಸ್ತರೆಲ್ಲರೂ ವಿಕಾಸವಾದದ ವಿರೋಧಿಗಳೆಂದು ತಿಳಿಯಬಾರದು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ಅದು ಬರಿಯ ಊಹೆಗಿಂತ ಮಿಗಿಲಾದದ್ದು ಎಂದು ಒಪ್ಪಿಕೊಂಡರು. ಡೋವರ್ ಪ್ರಕರಣದಲ್ಲಿ ವಿಕಾಸವಾದದ ಪರವಾಗಿ ಸಾಕ್ಷ್ಯ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಸ್ವತಃ ಕ್ಯಾಥೊಲಿಕ್ ಶ್ರದ್ಧಾಳು.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿ ದೊಡ್ಡದಾಗಲಿಲ್ಲ, ಪಠ್ಯಪುಸ್ತಕದ ಮೂಲಕ ಮನೆಯೊಳಗೆ ಬಂದಿತು. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ ವಾದ ವೈಜ್ಞಾನಿಕವಾಗಿ ತಪ್ಪು, ಅದನ್ನು ಶಾಲೆಗಳಲ್ಲಿ ಬದಲಾಯಿಸಬೇಕು ಎಂದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಈ ಮಾತನ್ನು ಅಲ್ಲಗಳೆದವು.

ನಂತರ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವ ಸಲುವಾಗಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. 2023ರ ಏಪ್ರಿಲ್‌ನಲ್ಲಿ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿ ಹೊರಡಿಸಿದ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ, ಆ ಭಾಗವನ್ನು ಮತ್ತೆ ಸೇರಿಸಬೇಕೆಂದು ಕೋರಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಷಯ ಉಳಿದಿದೆ. ಆದರೆ ಹತ್ತನೇ ತರಗತಿಯ ನಂತರ ವಾಣಿಜ್ಯ, ಕಲಾ ವಿಭಾಗಕ್ಕೆ ಹೋಗುವ ಮಕ್ಕಳು ಜೀವಶಾಸ್ತ್ರ ಓದುವುದಿಲ್ಲ. ವ್ಯಾಪಾರ, ಲೆಕ್ಕಪತ್ರದ ಕಡೆ ಒಲವಿರುವ ನಮ್ಮ ಸಮಾಜದ ಬಹಳಷ್ಟು ಮಕ್ಕಳು ಈ ಗುಂಪಿನವರು. ಅವರಿಗೆ ಇದನ್ನು ಯಾರಾದರೂ ಹೇಳಿಕೊಡುವುದಿದ್ದರೆ ಅದು ಮನೆಯಲ್ಲೇ ಆಗಬೇಕು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ದೊಡ್ಡವರು ಮೊದಲು ತಿಳಿದಿರಬೇಕು.

ಜೈನಾಚಾರ್ಯರ ಉತ್ತರ

ಜೈನ ದರ್ಶನದಲ್ಲಿ ಲೋಕ ಅನಾದಿ-ಅನಿಧನ. ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳಿಂದ ಲೋಕವಾಗಿದೆ. ಇವನ್ನು ಯಾರೂ ಮಾಡಿಲ್ಲ, ಯಾರೂ ಅಳಿಸಲಾರರು. ಇರುವ ಪ್ರತಿಯೊಂದು ವಸ್ತುವಿನಲ್ಲೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಕೂಡಿಯೇ ಇರುತ್ತವೆ. ಹೊಸ ಪರ್ಯಾಯ ಹುಟ್ಟುತ್ತದೆ, ಹಳೆಯ ಪರ್ಯಾಯ ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಬಳೆ ಕರಗಿಸಿ ಉಂಗುರ ಮಾಡಿದರೆ ಬಳೆ ಹೋಯಿತು, ಉಂಗುರ ಬಂತು, ಚಿನ್ನ ಹಾಗೆಯೇ ಇದೆ.

ಸೃಷ್ಟಿಕರ್ತನ ಕಲ್ಪನೆಯನ್ನು ಖಂಡಿಸಿದ ಪ್ರಸಿದ್ಧ ಭಾಗವೊಂದು ಕನ್ನಡ ನೆಲದಲ್ಲೇ ರಚನೆಯಾಯಿತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿದರು. ಅದನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಮುಗಿಸಿದರು. ಅದರ ಆದಿಪುರಾಣ ಭಾಗದ ನಾಲ್ಕನೇ ಪರ್ವದಲ್ಲಿ ಆಚಾರ್ಯರು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ. ಅವುಗಳ ಸಾರಾಂಶ ಹೀಗಿದೆ:

ಲೋಕವನ್ನು ಮಾಡುವ ಮೊದಲು ಆ ಕರ್ತೃ ಎಲ್ಲಿದ್ದ? ಮಾಡಲು ಸಾಮಗ್ರಿ ಎಲ್ಲಿಂದ ಬಂತು? ಸಾಮಗ್ರಿ ಮೊದಲೇ ಇತ್ತೆಂದರೆ ಅದನ್ನು ಯಾರೂ ಸೃಷ್ಟಿಸಲಿಲ್ಲ ಎಂದಾಯಿತು, ಹಾಗಿದ್ದರೆ ಲೋಕವೂ ಅದೇ ರೀತಿ ಯಾರೂ ಸೃಷ್ಟಿಸದೆ ಏಕಿರಬಾರದು? ಅವನು ಶರೀರವಿಲ್ಲದವನಾದರೆ ಶರೀರವುಳ್ಳದ್ದನ್ನು ಹೇಗೆ ಮಾಡಿದ? ಕೃತಕೃತ್ಯನಾದವನಿಗೆ ಮಾಡುವ ಇಚ್ಛೆ ಏಕೆ ಹುಟ್ಟಿತು? ಇಚ್ಛೆ ಇದೆಯೆಂದರೆ ಅವನು ಪೂರ್ಣನು ಹೇಗಾದ? ಕರುಣೆಯಿಂದ ಮಾಡಿದನೆಂದರೆ ಲೋಕದಲ್ಲಿ ಇಷ್ಟು ದುಃಖವೇಕೆ? ಜೀವಿಗಳ ಕರ್ಮಕ್ಕೆ ತಕ್ಕಂತೆ ಮಾಡಿದನೆಂದರೆ ಕರ್ಮವೇ ಸಾಕಲ್ಲ, ಅವನ ಕೆಲಸವೇನು?

ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ 1980ರಲ್ಲಿ ಪ್ರಕಟಿಸಿದ ‘ಕಾಸ್ಮಾಸ್’ ಪುಸ್ತಕದಲ್ಲಿ, ವಿಶ್ವದ ಆದಿ-ಅಂತ್ಯಗಳ ಕುರಿತ ಅಧ್ಯಾಯದ ಆರಂಭದಲ್ಲಿ ಜಿನಸೇನರ ಈ ಭಾಗವನ್ನು ಉಲ್ಲೇಖಿಸಿದ್ದಾರೆ.

ಸೃಷ್ಟಿವಾದಿಗಳ ಮೆಚ್ಚಿನ ವಾದವೂ ನಮ್ಮ ತಾರ್ಕಿಕರಿಗೆ ಹೊಸದಲ್ಲ. ಇಂಗ್ಲೆಂಡಿನ ವಿಲಿಯಂ ಪೇಲಿ 1802ರಲ್ಲಿ, ಬಯಲಿನಲ್ಲಿ ಬಿದ್ದ ಗಡಿಯಾರವನ್ನು ಕಂಡರೆ ಅದನ್ನು ಮಾಡಿದವನೊಬ್ಬ ಇರಲೇಬೇಕು ಎನ್ನುತ್ತೇವೆ, ಜೀವಿಗಳ ವಿಷಯದಲ್ಲೂ ಹಾಗೆಯೇ ಎಂದು ವಾದಿಸಿದರು. ನಮ್ಮ ದೇಶದ ನೈಯಾಯಿಕರು ಶತಮಾನಗಳ ಹಿಂದೆಯೇ ಮಡಕೆಯ ಉದಾಹರಣೆ ಕೊಟ್ಟಿದ್ದರು: ಮಡಕೆಗೆ ಕುಂಬಾರನಿರುವಂತೆ ಲೋಕಕ್ಕೆ ಈಶ್ವರ. ಇದಕ್ಕೆ ಜೈನ ತಾರ್ಕಿಕರು, ಕುಂಬಾರನಿಗೆ ಶರೀರವಿದೆ, ಅವನ ಮುಂದೆ ಮೊದಲೇ ಮಣ್ಣಿದೆ, ಕುಂಬಾರರು ಹಲವರಿದ್ದಾರೆ; ಈ ಉದಾಹರಣೆಯನ್ನು ನಂಬಿದರೆ ಶರೀರವಿರುವ, ಸಾಮಗ್ರಿಗಾಗಿ ಕಾಯುವ, ಹಲವರಲ್ಲಿ ಒಬ್ಬನಾದ ಕರ್ತೃ ಸಿಗುತ್ತಾನೆಯೇ ಹೊರತು ಸರ್ವಶಕ್ತನಲ್ಲ ಎಂದು ಉತ್ತರಿಸಿದರು. ವಿದ್ಯಾನಂದಾಚಾರ್ಯರ ‘ಆಪ್ತಪರೀಕ್ಷೆ’ಯಲ್ಲಿ ಈಶ್ವರಕರ್ತೃತ್ವದ ವಿಸ್ತಾರವಾದ ಪರೀಕ್ಷೆ ಇದೆ.

‘ಆದಿ’ ಎಂದರೆ ಯಾರು?

ಹಾಗಿದ್ದರೆ ಹನಸೋಗೆಯ ಬಸದಿಯಲ್ಲಿ ಆರಾಧನೆಗೊಂಡ ಆದಿನಾಥರು ಯಾವುದಕ್ಕೆ ಆದಿ? ಜಿನಸೇನರ ಕೃತಿಯೂ, ಅದನ್ನು ಆಧರಿಸಿ 941ರಲ್ಲಿ ಪಂಪ ಮಹಾಕವಿ ಕನ್ನಡದಲ್ಲಿ ರಚಿಸಿದ ‘ಆದಿಪುರಾಣ’ವೂ ಇದಕ್ಕೆ ಉತ್ತರ ಕೊಡುತ್ತವೆ. ಭೋಗಭೂಮಿಯ ಕಾಲ ಮುಗಿಯುತ್ತಾ ಬಂದು ಕಲ್ಪವೃಕ್ಷಗಳು ಕ್ಷೀಣಿಸಿದವು. ಹಸಿವು, ಭಯಗಳಿಂದ ಕಂಗಾಲಾದ ಜನ ದಾರಿ ಕಾಣದೆ ಬಂದು ನಿಂತರು. ಆಗ ವೃಷಭದೇವರು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಕಲಿಸಿದರು. ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕಿಯನ್ನೂ ಹೇಳಿಕೊಟ್ಟರು. ಕೊನೆಗೆ ರಾಜ್ಯ ತ್ಯಜಿಸಿ ಮೋಕ್ಷಮಾರ್ಗವನ್ನು ತೋರಿದರು.

ಅವರು ಲೋಕವನ್ನು ಮಾಡಿದವರಲ್ಲ, ಇದ್ದ ಲೋಕದಲ್ಲಿ ಬದುಕುವುದನ್ನೂ ಅದನ್ನು ದಾಟುವುದನ್ನೂ ಈ ಅವಸರ್ಪಿಣಿಯಲ್ಲಿ ಮೊದಲು ಕಲಿಸಿದ ಗುರು. ಮಗುವಿನ ಮೊದಲ ಪ್ರಶ್ನೆಗೆ ಇದೇ ಉತ್ತರ. ಸೃಷ್ಟಿಕರ್ತನನ್ನು ರಕ್ಷಿಸಬೇಕಾದ ಹೊರೆ ಜೈನರ ಮೇಲೆ ಇಲ್ಲವೇ ಇಲ್ಲ. ಡಾರ್ವಿನ್ ಎಂದ ಕೂಡಲೇ ನಮ್ಮ ಧರ್ಮಕ್ಕೆ ಪೆಟ್ಟು ಬಿತ್ತೆಂದು ಗಾಬರಿಯಾಗಲು ಕಾರಣವಿಲ್ಲ.

ಮೈಸೂರಿನ ಪ್ರಯೋಗಶಾಲೆಯಲ್ಲಿ

ಎರಡನೇ ಪ್ರಶ್ನೆಗೆ ಬರೋಣ. ವಿಕಾಸವನ್ನು ಯಾರು ಕಣ್ಣಾರೆ ಕಂಡಿದ್ದಾರೆ ಎಂದು ಕೇಳುವವರುಂಟು. ಅದಕ್ಕೆ ಉತ್ತರದ ಒಂದು ತುಣುಕು ಮೈಸೂರಿನಲ್ಲೇ ಇದೆ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗವು ಡ್ರೊಸೊಫಿಲ ಎಂಬ ಹಣ್ಣಿನ ನೊಣದ ಅಧ್ಯಯನಕ್ಕೆ ಹೆಸರಾದದ್ದು. ಬಾಳೆಹಣ್ಣು ಕಳಿತರೆ ಮುತ್ತಿಕೊಳ್ಳುವ ಪುಟ್ಟ ನೊಣಗಳ ಜಾತಿಯದು ಇದು. ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಮತ್ತು ಸಂಗಡಿಗರು ಇದರ ಎರಡು ಹತ್ತಿರದ ಬಗೆಗಳನ್ನು ತೆಗೆದುಕೊಂಡರು. ಒಂದಕ್ಕೆ 8 ವರ್ಣತಂತುಗಳು, ಇನ್ನೊಂದಕ್ಕೆ 6. ಹಿಂದೊಮ್ಮೆ ವರ್ಣತಂತುಗಳು ಒಂದಕ್ಕೊಂದು ಬೆಸೆದುಕೊಂಡದ್ದರಿಂದ ಈ ವ್ಯತ್ಯಾಸ ಬಂದಿದೆ. ಎರಡನ್ನೂ ಕೂಡಿಸಿದಾಗ ಸಂತಾನ ಬಂಜೆಯಾಗಲಿಲ್ಲ. ತಲೆಮಾರು ತಲೆಮಾರು ಸಾಕುತ್ತಾ ಹೋದಂತೆ, ಎರಡೂ ಪೋಷಕ ಬಗೆಗಳಿಗಿಂತ ಭಿನ್ನವಾದ ವರ್ಣತಂತು ವಿನ್ಯಾಸದ ಹೊಸ ಬಗೆಗಳು ನೆಲೆಯಾದವು. ಇವಕ್ಕೆ ‘ಸೈಟೊರೇಸ್’ ಎಂದು ಹೆಸರಿಟ್ಟರು. 1980ರ ದಶಕದಿಂದ ಪ್ರಕಟವಾಗುತ್ತಾ ಬಂದ ಈ ಕೆಲಸ, ಹೊಸ ಬಗೆಯ ಜೀವಿಗಳು ರೂಪುಗೊಳ್ಳುವ ಮೊದಲ ಹೆಜ್ಜೆಗಳನ್ನು ಪ್ರಯೋಗಶಾಲೆಯಲ್ಲಿ ತೋರಿಸಿದ ಉದಾಹರಣೆ.

ನಮ್ಮ ದೇಹದಲ್ಲೂ ಇಂತಹ ಬೆಸುಗೆಯ ಗುರುತಿದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ 48 ವರ್ಣತಂತುಗಳು, ಮನುಷ್ಯನಿಗೆ 46. ಮನುಷ್ಯನ ಎರಡನೇ ವರ್ಣತಂತುವಿನ ನಡುವೆ ಎರಡು ಹಳೆಯ ವರ್ಣತಂತುಗಳು ತುದಿಗೆ ತುದಿ ಬೆಸೆದ ಗುರುತು ಇಂದಿಗೂ ಉಳಿದಿದೆ.

ಕಾಲದ ಲೆಕ್ಕಕ್ಕೂ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದ ಕಲ್ಲಿನ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು. ಈಗಿನ ಮನುಷ್ಯ ಪ್ರಭೇದದ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 3 ಲಕ್ಷ ವರ್ಷದವು. ಅಂದರೆ ಇಸಾಂಪುರದಲ್ಲಿ ಕಲ್ಲು ಕೆತ್ತಿದವರು ನಮಗಿಂತ ಹಿಂದಿನ ಮಾನವ ಬಗೆಯವರು. ಆರು ಸಾವಿರ ವರ್ಷದ ಲೆಕ್ಕವನ್ನು ನಂಬಿದವರಿಗೆ ಇಂತಹ ಅಂಕಿಗಳು ಆಘಾತ ತಂದವು. ಪಲ್ಯ, ಸಾಗರೋಪಮ, ಕೋಡಾಕೋಡಿಗಳಲ್ಲಿ ಕಾಲವನ್ನು ಎಣಿಸುವ ಜೈನರಿಗೆ ದೊಡ್ಡ ಕಾಲ ಎಂದೂ ಭಯ ಹುಟ್ಟಿಸಿಲ್ಲ.

ಜೀವವಿಕಾಸ ಬೇರೆ, ಭವಾಂತರ ಬೇರೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. “ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ನಮ್ಮ ಶಾಸ್ತ್ರ ಹೇಳಿದೆ, ಆದ್ದರಿಂದ ಡಾರ್ವಿನ್‌ಗಿಂತ ಮೊದಲೇ ಜೈನರು ವಿಕಾಸವಾದ ಹೇಳಿದ್ದರು” ಎಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. ಅಭಿಮಾನದ ಮಾತಾದರೂ ಇದು ಸರಿಯಲ್ಲ.

ಇಂದ್ರಿಯಗಳ ಲೆಕ್ಕದಲ್ಲಿ ಜೀವಿಗಳನ್ನು ವಿಂಗಡಿಸುವುದು ಒಂದು ವರ್ಗೀಕರಣ. ಇರುವೆ ಮೂರು ಇಂದ್ರಿಯದ್ದು, ನೊಣ ನಾಲ್ಕು ಇಂದ್ರಿಯದ್ದು ಎಂದರೆ ಇರುವೆಯ ವಂಶದಲ್ಲಿ ನೊಣ ಹುಟ್ಟಿತೆಂದು ಅರ್ಥವಲ್ಲ. ಭವಾಂತರದಲ್ಲಿ ಪಯಣಿಸುವುದು ಒಂದು ಜೀವ, ಅದರ ಗತಿಯನ್ನು ನಿರ್ಣಯಿಸುವುದು ಅದರ ಕರ್ಮ. ಜೀವವಿಕಾಸದಲ್ಲಿ ಬದಲಾಗುವುದು ಒಂದು ಜೀವಿಸಮೂಹದ ಶರೀರ, ಅದೂ ತಂದೆ-ತಾಯಿಯಿಂದ ಮಕ್ಕಳಿಗೆ ಇಳಿಯುವ ಅನುವಂಶದ ಮೂಲಕ. ಭವಾಂತರಕ್ಕೆ ಮೇಲೂ ಇದೆ, ಕೆಳಗೂ ಇದೆ. ದೇವನು ಏಕೇಂದ್ರಿಯನಾಗಿ ಹುಟ್ಟಬಹುದು. ವೃಷಭದೇವರ ಮೊಮ್ಮಗ ಮರೀಚಿಯ ಜೀವ ಮುಂದೆ ಸಿಂಹವಾಗಿಯೂ ಹುಟ್ಟಿ, ಕೊನೆಗೆ ಮಹಾವೀರ ತೀರ್ಥಂಕರರಾಯಿತು. ಜೀವವಿಕಾಸಕ್ಕೆ ಇಂತಹ ಗುರಿಯಿಲ್ಲ, ಪಾಪ-ಪುಣ್ಯವಿಲ್ಲ. ಅದು ಮೆಟ್ಟಿಲೂ ಅಲ್ಲ, ಎಲ್ಲ ಕಡೆಗೂ ಕವಲೊಡೆಯುವ ಮರ.

ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ ಪಾಠ ಹೇಳುತ್ತವೆ. 1860ರಲ್ಲಿ ಆಕ್ಸ್‌ಫರ್ಡಿನ ಚರ್ಚೆಯೊಂದರಲ್ಲಿ ಬಿಷಪ್ ವಿಲ್ಬರ್‌ಫೋರ್ಸ್, ಡಾರ್ವಿನ್ ಪಕ್ಷದ ಹಕ್ಸ್‌ಲಿಯನ್ನು ಮಂಗದ ವಂಶದವನೆಂದು ಹಂಗಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಮಂಗನ ನಂಟು ಎಂದರೆ ಅಲ್ಲಿ ಅವಮಾನ. ಆದಿಪುರಾಣದಲ್ಲಿ ಹಾಗಿಲ್ಲ. ವಜ್ರಜಂಘನು ಮುನಿಗಳಿಗೆ ಆಹಾರದಾನ ಮಾಡಿದಾಗ ಹುಲಿ, ಹಂದಿ, ಮಂಗ, ಮುಂಗುಸಿಗಳು ಅದನ್ನು ಕಂಡು ಅನುಮೋದಿಸುತ್ತವೆ. ಆ ವಜ್ರಜಂಘನ ಜೀವವೇ ಮುಂದೆ ವೃಷಭದೇವರಾಗುತ್ತದೆ. ಈ ನಾಲ್ಕು ಪ್ರಾಣಿಗಳ ಜೀವಗಳು ಕೊನೆಗೆ ಅವರ ಮಕ್ಕಳಾಗಿ ಹುಟ್ಟುತ್ತವೆ. ನಾಲ್ಕನೇ ತೀರ್ಥಂಕರ ಅಭಿನಂದನನಾಥರ ಲಾಂಛನವೇ ಕಪಿ. ಪ್ರಾಣಿಯೊಂದಿಗೆ ಬಂಧುತ್ವವಿದೆ ಎಂದರೆ ಜೈನ ಮನಸ್ಸು ನೊಂದುಕೊಳ್ಳಬೇಕಾದದ್ದಿಲ್ಲ.

ತೊಡಕುಗಳನ್ನು ಮುಚ್ಚಿಡಬಾರದು

ಸೃಷ್ಟಿಕರ್ತನಿಲ್ಲ ಎಂದ ಮಾತ್ರಕ್ಕೆ ಜೈನ ಪುರಾಣವೂ ಆಧುನಿಕ ವಿಜ್ಞಾನವೂ ಪೂರ್ತಿ ಹೊಂದುತ್ತವೆ ಎಂದು ಹೇಳಲಾಗದು. ಮುಖ್ಯ ವ್ಯತ್ಯಾಸಗಳು ಹೀಗಿವೆ.

ಒಂದು, ಶರೀರ ಮತ್ತು ಆಯುಷ್ಯ. ವೃಷಭದೇವರ ಎತ್ತರ 500 ಧನುಸ್ಸು, ಆಯುಷ್ಯ 84 ಲಕ್ಷ ಪೂರ್ವ ಎಂದು ಪುರಾಣ ಹೇಳುತ್ತದೆ. ಮಹಾವೀರರ ಹೊತ್ತಿಗೆ ಎತ್ತರ 7 ಮೊಳ, ಆಯುಷ್ಯ 72 ವರ್ಷ. ಪಳೆಯುಳಿಕೆಗಳಲ್ಲಿ ಇಂತಹ ಮಹಾಶರೀರದ ಮನುಷ್ಯರು ಸಿಕ್ಕಿಲ್ಲ. ಬದಲಾಗಿ, ಇಥಿಯೋಪಿಯಾದಲ್ಲಿ 1974ರಲ್ಲಿ ದೊರೆತ, ‘ಲೂಸಿ’ ಎಂದು ಹೆಸರಾದ 32 ಲಕ್ಷ ವರ್ಷ ಹಿಂದಿನ ಅಸ್ಥಿಪಂಜರ ನಮಗಿಂತ ಕುಳ್ಳಾದ ಪೂರ್ವಜರನ್ನು ತೋರಿಸುತ್ತದೆ.

ಎರಡು, ಜನ್ಮದ ವಿಧ. ಚತುರಿಂದ್ರಿಯದವರೆಗಿನ ಜೀವಿಗಳಿಗೆ ಸಮ್ಮೂರ್ಛನ ಜನ್ಮವನ್ನು ಶಾಸ್ತ್ರ ಹೇಳುತ್ತದೆ. ನೊಣ, ಇರುವೆಗಳು ಮೊಟ್ಟೆಯಿಂದಲೇ ಬರುವುದನ್ನು ವಿಜ್ಞಾನ ತೋರಿಸಿದೆ. ಇಟಲಿಯ ರೆಡಿ 1668ರಲ್ಲೇ, ಮಾಂಸದ ಹುಳುಗಳು ನೊಣದ ಮೊಟ್ಟೆಗಳಿಂದ ಬರುತ್ತವೆ ಎಂದು ಪ್ರಯೋಗದಿಂದ ತೋರಿಸಿದ್ದರು.

ಮೂರು, ಅನಾದಿತ್ವ. ಭೂಮಿಯ ಮೇಲಿನ ಜೀವಕ್ಕೆ ಒಂದು ಆರಂಭವಿತ್ತು, ನಾವು ಕಾಣುವ ವಿಶ್ವ ಸುಮಾರು 1,380 ಕೋಟಿ ವರ್ಷಗಳಿಂದ ಹಿಗ್ಗುತ್ತಿದೆ ಎನ್ನುತ್ತದೆ ವಿಜ್ಞಾನ. ಅದಕ್ಕೂ ಹಿಂದೆ ಏನಿತ್ತೆಂಬುದು ವಿಜ್ಞಾನಿಗಳಲ್ಲೇ ಇನ್ನೂ ತೀರ್ಮಾನವಾಗದ ಪ್ರಶ್ನೆ. ಅದನ್ನು ನಮ್ಮ ಪರವಾದ ಸಾಕ್ಷಿ ಎಂದು ಬಳಸುವುದೂ ತರವಲ್ಲ.

ಈ ವ್ಯತ್ಯಾಸಗಳನ್ನು ಹೇಗೆ ನೋಡಬೇಕು? ಶಾಸ್ತ್ರದ ಮಾತನ್ನು ಅಕ್ಷರಶಃ ಶ್ರದ್ಧೆಯಿಂದ ಹಿಡಿಯುವವರು ನಮ್ಮಲ್ಲಿದ್ದಾರೆ, ಅವರ ಶ್ರದ್ಧೆಗೆ ಗೌರವವಿರಲಿ. ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ ಎಂದು ನಮ್ಮ ಪರಂಪರೆಯೇ ಶಾಸ್ತ್ರಗಳನ್ನು ನಾಲ್ಕಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಪ್ರಯೋಜನ ಹೇಳಿದೆ ಎಂಬುದನ್ನು ನೆನೆಯುವವರೂ ಇದ್ದಾರೆ. ಪುರಾಣದ ಪ್ರಯೋಜನ ವೈರಾಗ್ಯವನ್ನೂ ಧರ್ಮದಲ್ಲಿ ರುಚಿಯನ್ನೂ ಹುಟ್ಟಿಸುವುದು.

ಅನೇಕಾಂತವನ್ನು ಮುಂದಿಟ್ಟು “ಅದೂ ಸರಿ, ಇದೂ ಸರಿ” ಎಂದು ಮಾತು ಮುಗಿಸುವವರೂ ಉಂಟು. ಅನೇಕಾಂತದ ಅರ್ಥ ಅದಲ್ಲ. ಸ್ಯಾದ್ವಾದದಲ್ಲಿ ‘ಸ್ಯಾತ್’ ಎಂದರೆ ‘ಯಾವುದೋ ಒಂದು ನಿಶ್ಚಿತ ಅಪೇಕ್ಷೆಯಿಂದ’ ಎಂದು. ಯಾವ ಅಪೇಕ್ಷೆ ಎಂಬುದನ್ನು ಹೇಳಲೇಬೇಕು. ಶರೀರಗಳ ಇತಿಹಾಸ ಎಂಬ ಅಪೇಕ್ಷೆಯಲ್ಲಿ ಕಲ್ಲು, ಮೂಳೆ, ವರ್ಣತಂತುಗಳ ಸಾಕ್ಷಿಗೆ ಕಿವಿಗೊಡಬೇಕು. ಜೀವ, ಕರ್ಮಬಂಧ, ಮೋಕ್ಷ ಎಂಬ ಅಪೇಕ್ಷೆಯಲ್ಲಿ ಪಳೆಯುಳಿಕೆ ಪರವಾಗಿಯೂ ವಿರೋಧವಾಗಿಯೂ ಏನನ್ನೂ ಹೇಳಲಾರದು. ಡಾರ್ವಿನ್ ಓದಿದ ಮಗು ಸಾಮಾಯಿಕ ಬಿಡಬೇಕಾಗಿಲ್ಲ, ಸಾಮಾಯಿಕ ಮಾಡುವ ಮಗು ಡಾರ್ವಿನ್ನನ್ನು ಸುಳ್ಳೆನ್ನಬೇಕಾಗಿಲ್ಲ.

ಜೈನರ ನಿಜವಾದ ಪ್ರಶ್ನೆ

ಜೀವವಿಜ್ಞಾನಕ್ಕೆ ಜೈನರು ಕೇಳಬೇಕಾದ ಪ್ರಶ್ನೆ “ಯಾರು ಮಾಡಿದರು?” ಎಂಬುದಲ್ಲ, “ತಿಳಿಯುವುದಕ್ಕಾಗಿ ಎಷ್ಟು ಹಿಂಸೆ?” ಎಂಬುದು. ಮಾನಸಗಂಗೋತ್ರಿಯ ನೊಣಗಳೂ ಚತುರಿಂದ್ರಿಯ ಜೀವಗಳೇ. ಕಪ್ಪೆ, ಜಿರಳೆಗಳನ್ನು ಕೊಯ್ಯಬೇಕಾಗುತ್ತದೆಂಬ ಕಾರಣಕ್ಕೆ ಜೀವಶಾಸ್ತ್ರವನ್ನೇ ಬಿಟ್ಟ ಜೈನ ವಿದ್ಯಾರ್ಥಿಗಳು ಹಿಂದೆ ಕಡಿಮೆಯೇನಿರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2011ರಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ಕೈಬಿಡುವ ಮಾರ್ಗಸೂಚಿ ಹೊರಡಿಸಿತು, 2014ರಲ್ಲಿ ಇನ್ನೂ ಬಿಗಿಯಾದ ಸೂಚನೆ ಕೊಟ್ಟಿತು. ಇಂದು ಮಾದರಿಗಳು, ಕಂಪ್ಯೂಟರ್ ಪಾಠಗಳು ಆ ಜಾಗಕ್ಕೆ ಬಂದಿವೆ. ಅಹಿಂಸೆಯನ್ನು ಬಿಡದೆಯೇ ಜೀವಶಾಸ್ತ್ರ ಓದುವ ದಾರಿ ಹಿಂದಿಗಿಂತ ಅಗಲವಾಗಿದೆ.

ಮನೆಯಲ್ಲಿ, ಪಾಠಶಾಲೆಯಲ್ಲಿ

ಮಗು ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸುವುದು ಜಿನಸೇನರ ಪರಂಪರೆಗೆ ಹೊಂದುವ ನಡೆಯಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಸತ್ಯವನ್ನು ಶೋಧಿಸಿದವರು ಅವರು. ಪೋಷಕರೂ ಪಾಠಶಾಲೆಯ ಶಿಕ್ಷಕರೂ ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು:

1. ಜೈನ ಧರ್ಮದಲ್ಲಿ ಸೃಷ್ಟಿಕರ್ತನಿಲ್ಲ. ತೀರ್ಥಂಕರರು ಮಾರ್ಗದರ್ಶಕರು.

2. ಜೀವವಿಕಾಸವು ಶರೀರಗಳ ಇತಿಹಾಸ, ಅದಕ್ಕೆ ಬಲವಾದ ಸಾಕ್ಷ್ಯಗಳಿವೆ. ಪರೀಕ್ಷೆಗಾಗಿ ಮಾತ್ರವಲ್ಲ, ಅರ್ಥಮಾಡಿಕೊಳ್ಳುವುದಕ್ಕಾಗಿ ಓದಬೇಕು. ಕನ್ನಡದಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಮಾನವ ವಿಕಾಸದ ಬಗ್ಗೆ ಮಕ್ಕಳೊಂದಿಗೆ ದೊಡ್ಡವರೂ ಓದಬಹುದಾದ ಪುಸ್ತಕ.

3. ಭವಾಂತರ ಮತ್ತು ವಿಕಾಸವನ್ನು ಒಂದೇ ಎಂದು ಹೇಳಬಾರದು. ಶಾಸ್ತ್ರಕ್ಕೆ ಇಲ್ಲದ ಮಾತನ್ನು ಹಚ್ಚಿ ಹಿರಿಮೆ ತರಬೇಕಾಗಿಲ್ಲ.

4. ಶಾಸ್ತ್ರ ಮತ್ತು ವಿಜ್ಞಾನ ಹೊಂದದ ಕಡೆ, ಹೊಂದುವುದಿಲ್ಲ ಎಂದು ನೇರವಾಗಿ ಹೇಳಬೇಕು. ಇಂದು ಮುಚ್ಚಿಟ್ಟದ್ದನ್ನು ಮಗು ನಾಳೆ ತಾನೇ ಕಂಡುಕೊಂಡರೆ, ನಾವು ಹೇಳಿದ ನಿಜವಾದ ಮಾತುಗಳ ಮೇಲೂ ನಂಬಿಕೆ ಕಳೆದುಕೊಳ್ಳುತ್ತದೆ.

5. ಸೃಷ್ಟಿಕರ್ತನನ್ನು ನಂಬುವ ನೆರೆಹೊರೆಯವರನ್ನು ಹಂಗಿಸಬಾರದು. ವಾದ ವಿಚಾರದೊಂದಿಗೆ ಇರಲಿ, ವ್ಯಕ್ತಿಯೊಂದಿಗೆ ಬೇಡ.

ಹನಸೋಗೆಯ ಬಸದಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, ಆದಿನಾಥರು ಅಕ್ಷರ ಕಲಿಸಿದ ತಂದೆ ಎಂಬುದನ್ನು ಮೊದಲು ಹೇಳಿ. ಅಕ್ಷರ ಬಂದ ಮಗು ಪ್ರಶ್ನೆ ಕೇಳದೆ ಇರುವುದಿಲ್ಲ.